ಮರ್ಲಿನ್ ಎಂಜಿನ್ನುಗಳ ಬೆನ್ನು ಹತ್ತಿ

ಶನಿವಾರ, ಹೆಂಡನ್

ಲಂಡನ್ನಿನ ಉತ್ತರಕ್ಕೆ, ಕಾಲಿಂಡೇಲ್ ಟ್ಯೂಬ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಬ್ರಿಟಿಷ್ ವಾಯುಪಡೆಯ ಮ್ಯೂಸಿಯಂ ಇದೆ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ, ಕಾರು ನಿಲ್ಲಿಸಲು ಕೊಡಬೇಕು. ಮಗ ಮೊಬೈಲಿನಲ್ಲಿ ಅದನ್ನು ಕಟ್ಟುವುದರೊಳಗೆ ನಾನು ಹ್ಯಾಂಗರಿನ ಬಾಗಿಲು ಮುಟ್ಟಿದ್ದೆ. "ಓಡಬೇಡಿ ರೀ, ಎಂಬತ್ತು ವರ್ಷ ನಿಂತಿದ್ದು ಇನ್ನೈದು ನಿಮಿಷ ನಿಲ್ಲುತ್ತೆ" ಅಂದಳು ನಮ್ಮಾಕೆ.

ಮಗ ಇರುವುದು ಮಿಲ್ಟನ್ ಕೀನ್ಸ್‌ನಲ್ಲಿ. ನಾವು ಬಂದಾಗಲೆಲ್ಲ ಅರಮನೆ, ಗಡಿಯಾರದ ಗೋಪುರ, ಥೇಮ್ಸ್ ನದಿಯ ದೋಣಿ ಎಂದು ಸುತ್ತಿಸುತ್ತಿದ್ದ. ಈ ಸಲ ರಜೆ ಹಾಕಿ, "ಅಪ್ಪಾ, ನಿನ್ನ ವಿಮಾನಗಳನ್ನೇ ನೋಡೋಣ, ಎಲ್ಲಿಗೆ ಹೋಗಬೇಕು ಹೇಳು" ಅಂದ. ಬೆಂಗಳೂರಿನ ಎಚ್‌ಎಎಲ್‌ನ ಎಂಜಿನ್ ವಿಭಾಗದಲ್ಲಿ ಕೈಗೆ ಗ್ರೀಸು ಮೆತ್ತಿಕೊಂಡೇ ನಿವೃತ್ತನಾದವನಿಗೆ ಇನ್ನೇನು ಬೇಕು? ಪಟ್ಟಿ ನನ್ನ ಜೇಬಿನಲ್ಲೇ ಇತ್ತು.

ಮೊದಲು ಎದುರಾದದ್ದು ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬರ್ ಲ್ಯಾಂಕಾಸ್ಟರ್. 102 ಅಡಿ ರೆಕ್ಕೆ, ರೋಲ್ಸ್ ರಾಯ್ಸ್ ಕಂಪನಿಯ ನಾಲ್ಕು ಮರ್ಲಿನ್ ಎಂಜಿನ್, ಒಳಗೆ ಏಳು ಜನ ಎಂಬುದೆಲ್ಲ ಓದಿ ಗೊತ್ತಿತ್ತು. ಆದರೆ ಅದರ ಹೊಟ್ಟೆಯ ಕೆಳಗೆ ನಿಂತು ತಲೆಯೆತ್ತಿದಾಗ, ಬಾಂಬಿನ ಕೋಣೆಯನ್ನು ಮೊದಲು ಮಾಡಿ ಆಮೇಲೆ ಅದಕ್ಕೆ ರೆಕ್ಕೆ ಹಚ್ಚಿದ್ದಾರೆ ಅನ್ನಿಸಿತು. 33 ಅಡಿ ಉದ್ದಕ್ಕೂ ಒಂದೂ ಅಡ್ಡಗೋಡೆಯಿಲ್ಲ. ಮನುಷ್ಯರಿಗೆ ಸಿಕ್ಕಿದ್ದು ಅದರ ಮೇಲೆ ಮಿಕ್ಕ ಜಾಗ. ರೆಕ್ಕೆಯ ಮುಖ್ಯ ತೊಲೆ, ನಾವು ಮೇನ್ ಸ್ಪಾರ್ ಅನ್ನುವುದು, ದೇಹದ ನಟ್ಟನಡುವೆ ಅಡ್ಡ ಹಾದುಹೋಗುತ್ತದೆ. ದಪ್ಪ ಉಡುಪು, ಬೂಟು, ಆಮ್ಲಜನಕದ ಕೊಳವೆ ಎಲ್ಲ ತೊಟ್ಟ ಹುಡುಗರು, ಬೆಂಕಿ ಹತ್ತಿದ ವಿಮಾನದೊಳಗೆ, ಕತ್ತಲಲ್ಲಿ ಆ ತೊಲೆಯನ್ನು ಹತ್ತಿ ಇಳಿಯಬೇಕಿತ್ತು. ಬಾಲದ ತುದಿಯ ಗನ್ನರನ ಗೂಡಿನಲ್ಲಿ ಪ್ಯಾರಾಚೂಟ್ ಇಟ್ಟುಕೊಳ್ಳಲೂ ಜಾಗವಿಲ್ಲ. ಅದು ಬೆನ್ನ ಹಿಂದಿನ ಬಾಗಿಲಿನ ಆಚೆ ತೂಗುತ್ತಿತ್ತು. ನಮ್ಮಲ್ಲಿ ಡಿಸೈನ್ ವಿಭಾಗದವರ ಮೇಲೆ ಕೂಗಾಡಿದ್ದು ನೆನಪಾಯಿತು. ಬೋಲ್ಟಿಗೆ ಸ್ಪ್ಯಾನರ್ ಹೋಗುವುದಿಲ್ಲ ಎಂದು ಜಗಳವಾಡಿದವನು ನಾನು. ಇಲ್ಲಿ ಮನುಷ್ಯನೇ ಹೋಗುವುದಿಲ್ಲ.

ಈ ವಿಮಾನಕ್ಕೆ 'ಎಸ್ ಫಾರ್ ಶುಗರ್' ಎಂದು ಹೆಸರು. ಮೂಗಿನ ಪಕ್ಕದಲ್ಲಿ ಒಂದೊಂದು ದಾಳಿಗೆ ಒಂದೊಂದು ಪುಟ್ಟ ಬಾಂಬಿನ ಚಿತ್ರ, ಸಾಲು ಸಾಲಾಗಿ. ಒಟ್ಟು 137 ದಾಳಿ ಮುಗಿಸಿತಂತೆ. ಆ ಚಿತ್ರಗಳ ಜೊತೆಗೆ ಹಿಟ್ಲರನ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಕೊಚ್ಚಿಕೊಂಡ ಮಾತನ್ನೂ ಬರೆದಿದ್ದಾರೆ: ಜರ್ಮನಿಯ ನೆಲದ ಮೇಲೆ ಶತ್ರುವಿನ ಒಂದು ವಿಮಾನವೂ ಹಾರಲಾರದು ಎಂದು. ನೆಲದ ಮೇಲಿದ್ದ ಮೆಕ್ಯಾನಿಕ್ ಹುಡುಗರ ಕುಚೋದ್ಯವಿರಬೇಕು. ಕಟ್ಟಿದ್ದು 7,377 ಲ್ಯಾಂಕಾಸ್ಟರ್, ಕಾರ್ಯಾಚರಣೆಯಲ್ಲೇ ಕಳೆದುಹೋದದ್ದು 3,249. ನೂರು ದಾಳಿ ದಾಟಿದವು ಮೂವತ್ತು ಚಿಲ್ಲರೆ ಮಾತ್ರ. ಶುಗರ್ ಅದೃಷ್ಟದ ವಿಮಾನ.

ಅದೃಷ್ಟವಿಲ್ಲದ್ದು ಅದೇ ಮ್ಯೂಸಿಯಮ್ಮಿನಲ್ಲಿದೆ. 1942ರ ಏಪ್ರಿಲ್‌ನಲ್ಲಿ ನಾರ್ವೆಯ ಕಡಲ ಸಂದಿಯಲ್ಲಿ ಅಡಗಿದ್ದ ಜರ್ಮನಿಯ ಟಿರ್ಪಿಟ್ಜ್ ಯುದ್ಧನೌಕೆಯ ಮೇಲೆ ದಾಳಿಗೆ ಹೋದ ಹ್ಯಾಲಿಫ್ಯಾಕ್ಸ್ ಬಾಂಬರ್ ಅದು. ಗುಂಡೇಟು ತಿಂದು, ಹೆಪ್ಪುಗಟ್ಟಿದ ಹೋಕ್ಲಿಂಗನ್ ಸರೋವರದ ಮೇಲೆ ಹೊಟ್ಟೆಯೂರಿ ಇಳಿಯಿತು. ಒಳಗಿದ್ದವರೆಲ್ಲ ಬದುಕಿದರು, ಹೆಚ್ಚಿನವರು ನಡೆದೇ ಸ್ವೀಡನ್ ತಲುಪಿದರು. ಕಾಲು ಮುರಿದ ಫ್ಲೈಟ್ ಎಂಜಿನಿಯರ್ ಸೆರೆ ಸಿಕ್ಕ. ವಿಮಾನ ಮಾತ್ರ ಮಂಜುಗಡ್ಡೆ ಕುಸಿದು ತಳ ಸೇರಿ 1973ರವರೆಗೆ ನೀರಲ್ಲೇ ಇತ್ತು. ಮೇಲೆತ್ತಿದವರು ಅದಕ್ಕೆ ಬಣ್ಣ ಬಳಿಯದೆ, ಸೊಟ್ಟಗಾದ ಹಾಳೆಗಳನ್ನು ನೆಟ್ಟಗೆ ಮಾಡದೆ, ಸಿಕ್ಕ ಹಾಗೆಯೇ ಇಟ್ಟಿದ್ದಾರೆ. ಒಳ್ಳೆಯ ಕೆಲಸ ಮಾಡಿದರು. ಹೊಳೆಯುವ ವಿಮಾನಗಳ ನಡುವೆ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಈ ತುಕ್ಕಿನ ರಾಶಿಯೇ.

ಇನ್ನು ನಾನು ನಿಜವಾಗಿ ನೋಡಬಂದದ್ದು. ಲ್ಯಾಂಕಾಸ್ಟರನ್ನು ನೋಡಿ ಬಂದ ಕಣ್ಣಿಗೆ ಅಮೆರಿಕದ ಬಾಂಬರ್ ಲಿಬರೇಟರ್ ಕೆರೆಯಿಂದ ಎದ್ದು ಬಂದ ಎಮ್ಮೆಯಂತೆ ಕಾಣುತ್ತದೆ. ಆಳವಾದ ಚಪ್ಪಟೆ ಪಕ್ಕೆಗಳು, ಎರಡು ದೊಡ್ಡ ಬಾಲದ ಫಲಕಗಳು, ನೆಲಕ್ಕೆ ಹತ್ತಿರದ ಹೊಟ್ಟೆ. ಆದರೆ ರೆಕ್ಕೆ ನೋಡಬೇಕು, ಅಷ್ಟು ದಪ್ಪ ದೇಹಕ್ಕೆ ಎಷ್ಟು ತೆಳ್ಳನೆಯ, ಉದ್ದನೆಯ ರೆಕ್ಕೆ! ಅದರಿಂದಲೇ ಅದು ಅಷ್ಟು ದೂರ ಹಾರುತ್ತಿದ್ದದ್ದು, ಅಟ್ಲಾಂಟಿಕ್ ನಡುವೆ ಜರ್ಮನ್ ಸಬ್‌ಮರೀನುಗಳನ್ನು ಬೇಟೆಯಾಡಿದ್ದು. ಬಾಂಬು ಕೋಣೆಯ ಬಾಗಿಲು ಅಂಗಡಿಯ ರೋಲಿಂಗ್ ಷಟರಿನ ತತ್ವದ್ದು, ಪಕ್ಕೆಯ ಮೇಲಕ್ಕೆ ಸುರುಳುತ್ತದೆ. ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ಕಟ್ಟಿದರು. ಕೆಲಸ ಉಚ್ಛ್ರಾಯದಲ್ಲಿದ್ದಾಗ ಫೋರ್ಡ್ ಕಂಪನಿಯ ವಿಲೋ ರನ್ ಕಾರ್ಖಾನೆಯಿಂದ ಗಂಟೆಗೊಂದು ಹೊರಬರುತ್ತಿತ್ತು. ಗಂಟೆಗೊಂದು ನಾಲ್ಕು ಎಂಜಿನ್ನಿನ ಬಾಂಬರ್! ನಾವು ತಿಂಗಳಿಗೆ ಒಂದು ವಿಮಾನ ಹೊರಗೆ ತಳ್ಳಿದರೆ ಸಿಹಿ ಹಂಚುತ್ತಿದ್ದೆವು.

ಹೆಂಡನ್‌ನ ಈ ಲಿಬರೇಟರ್ ಹುಟ್ಟಿದ್ದು ಆ ವಿಲೋ ರನ್‌ನಲ್ಲೇ. ಯುದ್ಧದ ಕೊನೆಯ ತಿಂಗಳುಗಳಲ್ಲಿ ಬ್ರಿಟಿಷ್ ವಾಯುಪಡೆಯ 99ನೇ ಸ್ಕ್ವಾಡ್ರನ್ ಜೊತೆ ಹಿಂದೂ ಮಹಾಸಾಗರದ ಕೊಕೋಸ್ ದ್ವೀಪದಲ್ಲಿತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದ ಗುಜರಿ ಮೈದಾನ. ಅಮೆರಿಕ ಇವುಗಳನ್ನು ಕೊಟ್ಟಿದ್ದು ಸಾಲದ ಕರಾರಿನಲ್ಲಿ. ಮುಗಿದ ಮೇಲೆ ಹಿಂದಿರುಗಿಸಬೇಕು, ಇಲ್ಲವೇ ಹಾಳು ಮಾಡಬೇಕು. ಬ್ರಿಟಿಷರು ಎರಡನೆಯದನ್ನು ಆರಿಸಿಕೊಂಡರು. ಇನ್ನು ಯಾರೂ ಹಾರಿಸದ ಹಾಗೆ ಜಖಂ ಮಾಡಿ ಬಿಟ್ಟುಹೋದರು.

ಮುಂದಿನದು ನನಗೆ ಊಟದ ಹೊತ್ತಿನ ಕಥೆ. ನಾನು ಫ್ಯಾಕ್ಟರಿ ಸೇರಿದಾಗ ನಿವೃತ್ತಿಯ ಹೊಸ್ತಿಲಲ್ಲಿದ್ದ ಹಿರಿಯರು ಕ್ಯಾಂಟೀನಿನಲ್ಲಿ ಕೂತು ಹೇಳುತ್ತಿದ್ದದ್ದು ಎರಡೇ ವಿಮಾನದ ಪುರಾಣ. ಒಂದು ಕ್ಯಾಟಲಿನಾ, ನೀರಿನ ಮೇಲಿಳಿಯುವ ವಿಮಾನ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೈನ್ಯ ವಹಿಸಿಕೊಂಡು ರಿಪೇರಿ ಡಿಪೋ ಮಾಡಿತು. ಓವರ್‌ಹಾಲಿಗೆ ಬರುವ ಕ್ಯಾಟಲಿನಾಗಳು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಇವತ್ತು ನೊರೆಯುಕ್ಕುವ ಆ ಕೆರೆಯನ್ನು ನೋಡಿದವರು ಇದನ್ನು ನಂಬುವುದಿಲ್ಲ, ನನ್ನ ಮಗನೂ ನಂಬಿರಲಿಲ್ಲ. ಇನ್ನೊಂದು ಲಿಬರೇಟರ್. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಕಾನ್ಪುರದ ಗುಜರಿಯಿಂದ ನಲವತ್ತಕ್ಕೂ ಹೆಚ್ಚು ಲಿಬರೇಟರುಗಳನ್ನು ಆಯ್ದು, ಹಾರುವಷ್ಟು ಮಟ್ಟಿಗೆ ತೇಪೆ ಹಚ್ಚಿ ಬೆಂಗಳೂರಿಗೆ ತಂದರು. ತಂದವರು ಎಚ್‌ಎಎಲ್‌ನ ಪೈಲಟ್ ಜಮ್ಶೆಡ್ ಮುನ್ಶಿ. ಇದು ಆಗುವ ಕೆಲಸವಲ್ಲ ಅಂದಿದ್ದರಂತೆ ವಿದೇಶಿ ತಜ್ಞರು. ಆ ವರ್ಷದ ನವೆಂಬರ್‌ನಲ್ಲೇ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಅವೇ ವಿಮಾನಗಳಿಂದ ಶುರುವಾಯಿತು. 1968ರ ಕೊನೆಯವರೆಗೂ ಅವು ಹಾರಿದವು, ಬೇರೆಲ್ಲ ದೇಶಗಳು ತಮ್ಮವನ್ನು ಕರಗಿಸಿ ಪಾತ್ರೆ ಮಾಡಿ ಎಷ್ಟೋ ವರ್ಷವಾದ ಮೇಲೆ.

ನಮ್ಮವರಿಗೆ ಇದು ಸಾಧ್ಯವಾದದ್ದು ಹೇಗೆ ಎಂಬುದಕ್ಕೆ ನನ್ನದೇ ಒಂದು ವಿವರಣೆಯಿದೆ. ಲಿಬರೇಟರಿನ ಎಂಜಿನ್ ಪ್ರಾಟ್ ಅಂಡ್ ವಿಟ್ನಿಯ ಟ್ವಿನ್ ವಾಸ್ಪ್, ಎರಡು ಸುತ್ತಿನಲ್ಲಿ ಜೋಡಿಸಿದ 14 ಸಿಲಿಂಡರುಗಳದ್ದು, 1,200 ಅಶ್ವಶಕ್ತಿ. ಕ್ಯಾಟಲಿನಾದಲ್ಲಿದ್ದದ್ದೂ ಅದೇ ಎಂಜಿನ್, ಡಕೋಟಾ ಸಾಗಣೆ ವಿಮಾನದಲ್ಲಿದ್ದದ್ದೂ ಅದೇ. ಯುದ್ಧದುದ್ದಕ್ಕೂ ಅದನ್ನು ಬಿಚ್ಚಿ ಕಟ್ಟಿ ಕಟ್ಟಿ ಬೆಂಗಳೂರಿನ ಕೈಗಳಿಗೆ ಅದರ ಸಂದುಗೊಂದು ಗೊತ್ತಿತ್ತು.

ಹೆಂಡನ್‌ನ ಈ ಲಿಬರೇಟರ್ ಭಾರತದಲ್ಲಿ 6ನೇ ಸ್ಕ್ವಾಡ್ರನ್‌ನಲ್ಲಿದ್ದು, 1974ರಲ್ಲಿ ನಮ್ಮ ವಾಯುಪಡೆಯ ಕೊಡುಗೆಯಾಗಿ ಬ್ರಿಟನ್ನಿಗೆ ಬಂತು. ಬ್ರಿಟಿಷರು ಗುಜರಿಗೆ ಹಾಕಿದ್ದನ್ನು ನಾವು ಹಾರಿಸಿ, ತಮ್ಮದೆಂದು ಇಟ್ಟುಕೊಳ್ಳಲು ಅವರಿಗೆ ಒಂದೂ ಉಳಿಯದಿದ್ದಾಗ ನಾವೇ ಕೊಟ್ಟೆವು. ಇದನ್ನು ಅಲ್ಲಿದ್ದ ಸ್ವಯಂಸೇವಕ ತಾತನಿಗೆ ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಆತ ಕೇಳಿದ್ದು ಒಂದೇ ಪ್ರಶ್ನೆ: "ಬಿಡಿಭಾಗ ಎಲ್ಲಿಂದ ತಂದಿರಿ?" ಕೈಕೆಲಸ ಗೊತ್ತಿದ್ದವನ ಪ್ರಶ್ನೆ. ಉಳಿದ ಗುಜರಿಯಿಂದ ಅಂದೆ. ಇಬ್ಬರೂ ನಕ್ಕೆವು. ಆಮೇಲೆ ಅರ್ಧ ಗಂಟೆ ಮಾತಾಡಿದೆವು. ನಮ್ಮಾಕೆ ಬೆಂಚಿನ ಮೇಲೆ ಕೂತು ಸೊಸೆಗೆ ಫೋನು ಮಾಡಿ ಸಾರಿಗೆ ಬೇಳೆ ನೆನೆಹಾಕಲು ಹೇಳಿದಳು.

ಭಾನುವಾರ, ಡಕ್ಸ್‌ಫರ್ಡ್

ಕೇಂಬ್ರಿಜ್‌ನ ದಕ್ಷಿಣಕ್ಕೆ, ಹೆದ್ದಾರಿಯ ಪಕ್ಕದಲ್ಲೇ ಇರುವ ಹಳೆಯ ವಾಯುನೆಲೆ ಡಕ್ಸ್‌ಫರ್ಡ್. ಹೆಂಡನ್‌ನಲ್ಲಿ ವಿಮಾನಗಳು ನಿಂತಿವೆ, ಇಲ್ಲಿ ಹಾರುತ್ತವೆ. ಕಾರಿನಿಂದ ಇಳಿಯುವಾಗಲೇ ತಲೆಯ ಮೇಲೆ ಯುದ್ಧಕಾಲದ ಬ್ರಿಟಿಷ್ ಫೈಟರ್ ಸ್ಪಿಟ್‌ಫೈರ್ ಒಂದು ಹೋಯಿತು. ನೋಡುವುದಕ್ಕೆ ಮೊದಲು ಕೇಳಿಸಿತು. ಜೆಟ್ ಎಂಜಿನ್ನಿನ ಸದ್ದು ನನಗೆ ಜೋಗುಳ, ಅದರಲ್ಲೇ ಬೆಳೆದವನು. ಇದು ಬೇರೆ. 12 ಸಿಲಿಂಡರುಗಳ ಮರ್ಲಿನ್ ಎಂಜಿನ್ ದೂರದಲ್ಲಿ ಗುನುಗುತ್ತದೆ, ಹತ್ತಿರ ಬಂದಾಗ ಎದೆಯೊಳಗೆ ಬಡಿಯುತ್ತದೆ. ದುಡ್ಡಿದ್ದವರು ಎರಡು ಸೀಟಿನ ಸ್ಪಿಟ್‌ಫೈರಿನಲ್ಲಿ ಕೂತು ಸುತ್ತಿ ಬರಬಹುದು. ಒಂದು ಸುತ್ತಿಗೆ ಸಾವಿರಾರು ಪೌಂಡು. ಮಗ ನನ್ನ ಮುಖ ನೋಡಿದ. "ಬೇಡ ಕಣೋ, ಕೆಳಗಿನಿಂದಲೇ ಚೆನ್ನಾಗಿ ಕೇಳಿಸುತ್ತೆ" ಅಂದೆ. ಸುಳ್ಳೇನಲ್ಲ.

ಸ್ಪಿಟ್‌ಫೈರ್ ಮೊದಲು ಸೇವೆಗೆ ಬಂದದ್ದು ಈ ನೆಲದಲ್ಲೇ, 1938ರ ಆಗಸ್ಟ್‌ನಲ್ಲಿ, 19ನೇ ಸ್ಕ್ವಾಡ್ರನ್ನಿಗೆ. ಅದನ್ನು ರೂಪಿಸಿದ ಆರ್. ಜೆ. ಮಿಚೆಲ್ ಅದು ಸೇವೆಗೆ ಬಂದದ್ದನ್ನು ನೋಡಲಿಲ್ಲ, ಹಿಂದಿನ ವರ್ಷವೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅಂಡಾಕಾರದ ಆ ರೆಕ್ಕೆಯ ಚೆಲುವನ್ನು ಹೊಗಳದವರಿಲ್ಲ. ನನ್ನ ಕಣ್ಣಿಗೆ ಅದು ಕೆಲಸಗಾರನ ಶತ್ರು. ಎರಡೆರಡು ಕಡೆ ಬಾಗಿದ ಅಷ್ಟು ತೆಳು ಹಾಳೆಯನ್ನು ಬಡಿದು ರೂಪಿಸಲು ಎಂಥ ಕೈಗಳು ಬೇಕು, ಎಷ್ಟು ಗಂಟೆ ಬೇಕು! ಯುದ್ಧದ ಶುರುವಿನಲ್ಲಿ ಸಾಕಷ್ಟು ಸ್ಪಿಟ್‌ಫೈರುಗಳು ತಯಾರಾಗದೆ ಒದ್ದಾಡಿದ್ದಕ್ಕೆ ಆ ರೆಕ್ಕೆಯೂ ಒಂದು ಕಾರಣ. ಅದರ ಪಕ್ಕದ ಹರಿಕೇನ್ ಫೈಟರ್ ನೋಡಿ. ಸಿಡ್ನಿ ಕ್ಯಾಮ್ ಅದನ್ನು ಹಳೆಯ ವಿಧಾನದಲ್ಲೇ ಮಾಡಿದರು: ಲೋಹದ ಕೊಳವೆಗಳ ಚೌಕಟ್ಟು, ಹಿಂಭಾಗಕ್ಕೆ ಬಟ್ಟೆಯ ಹೊದಿಕೆ. ಗುಂಡು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಟುಹೋದರೆ ಬಟ್ಟೆಗೆ ತೇಪೆ ಹಚ್ಚಿ ಮರುದಿನ ಹಾರಿಸಬಹುದು. 1940ರ ಬೇಸಿಗೆಯ ಬ್ರಿಟನ್ ಕದನದಲ್ಲಿ ಸ್ಪಿಟ್‌ಫೈರ್‌ಗಿಂತ ಹೆಚ್ಚು ಜರ್ಮನ್ ವಿಮಾನಗಳನ್ನು ಉರುಳಿಸಿದ್ದು ಈ ಹರಿಕೇನುಗಳೇ. 1944ರಲ್ಲಿ ಇಂಫಾಲದ ಮುತ್ತಿಗೆಯ ಹೊತ್ತಿಗೆ ನಮ್ಮ 1ನೇ ಸ್ಕ್ವಾಡ್ರನ್ ಹಾರಿಸಿದ್ದೂ ಇವನ್ನೇ, ಅರ್ಜನ್ ಸಿಂಗರ ಮುಂದಾಳತ್ವದಲ್ಲಿ.

ನಮ್ಮಾಕೆ ಈವರೆಗೆ ಸುಮ್ಮನೆ ಜೊತೆಗಿದ್ದವಳು, ಇಲ್ಲಿ ಒಂದು ಕಥೆಗೆ ಕಿವಿ ನಿಮಿರಿಸಿದಳು. ಮರ್ಲಿನ್ ಎಂಜಿನ್ನಿಗೆ ಕಾರ್ಬ್ಯುರೇಟರ್ ಇತ್ತು, ಎದುರಾಳಿ ಮೆಸರ್‌ಸ್ಮಿಟ್ 109ಕ್ಕೆ ನೇರ ಇಂಧನ ಚುಚ್ಚುವ ವ್ಯವಸ್ಥೆ. ಜರ್ಮನ್ ಪೈಲಟ್ ಮೂಗು ಕೆಳಗೆ ಮಾಡಿ ಧುಮುಕಿದರೆ ಬೆನ್ನಟ್ಟಿದ ಸ್ಪಿಟ್‌ಫೈರಿನ ಎಂಜಿನ್ ಉಸಿರುಗಟ್ಟಿ ಕೆಮ್ಮುತ್ತಿತ್ತು, ಪೆಟ್ರೋಲು ಕಾರ್ಬ್ಯುರೇಟರಿನ ಮೇಲ್ಭಾಗಕ್ಕೆ ಚಿಮ್ಮುತ್ತಿದ್ದರಿಂದ. ಫಾರ್ನ್‌ಬರೋ ಸಂಶೋಧನಾಲಯದ ಎಂಜಿನಿಯರ್ ಬೀಟ್ರಿಸ್ ಶಿಲ್ಲಿಂಗ್ ಇದಕ್ಕೆ ಕಂಡುಕೊಂಡ ಮದ್ದು ನಡುವೆ ತೂತಿರುವ ಒಂದು ಪುಟ್ಟ ಲೋಹದ ಬಿಲ್ಲೆ. ಎಂಜಿನ್ನಿಗೆ ಬೇಕಾದಷ್ಟೇ ಪೆಟ್ರೋಲು ಒಳಗೆ ಬಿಡುವ ಬಿಲ್ಲೆ. ವಿಮಾನವನ್ನು ಸೇವೆಯಿಂದ ತೆಗೆಯದೆ ಹಾಕಬಹುದಿತ್ತು. 1941ರಲ್ಲಿ ಆಕೆ ಮತ್ತು ಆಕೆಯ ತಂಡ ನೆಲೆಯಿಂದ ನೆಲೆಗೆ ತಿರುಗಿ ಅದನ್ನು ಹಾಕಿಸಿದರು. ಆಕೆ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ಗಂಟೆಗೆ 100 ಮೈಲಿ ಮೀರಿ ಬೈಕು ಓಡಿಸಿದವಳು. "ನಿಮ್ಮ ಡಿಪಾರ್ಟ್‌ಮೆಂಟಿನಲ್ಲಿ ಎಷ್ಟು ಜನ ಹೆಂಗಸರಿದ್ದರು?" ಎಂದು ನಮ್ಮಾಕೆ ಕೇಳಿದಳು. ಟೈಪಿಸ್ಟುಗಳನ್ನು ಬಿಟ್ಟರೆ ಯಾರೂ ನೆನಪಾಗಲಿಲ್ಲ. ಮಾತು ಬದಲಿಸಿದೆ.

ಬದಲಿಸಿದ ಮಾತು ಸ್ಟ್ಯಾನ್ಲಿ ಹೂಕರ್ ಬಗ್ಗೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ನಿಗೆ ಉಸಿರು ಸಾಲದು. ಗಾಳಿಯನ್ನು ಒತ್ತಿ ಒಳಗೆ ನೂಕಲು ಸೂಪರ್‌ಚಾರ್ಜರ್ ಎಂಬ ಫ್ಯಾನು ಬೇಕು. 1938ರಲ್ಲಿ ರೋಲ್ಸ್ ರಾಯ್ಸ್ ಸೇರಿದ ಗಣಿತದ ಮನುಷ್ಯ ಹೂಕರ್. ಎಂಜಿನ್ನಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಸೂಪರ್‌ಚಾರ್ಜರಿನ ಲೆಕ್ಕ ನೋಡಿ ಅದು ಎಲ್ಲಿ ಗಾಳಿಯನ್ನು ಪೋಲು ಮಾಡುತ್ತಿದೆ ಎಂದು ಕಂಡುಹಿಡಿದರು. ಮುಂದೆ ಒಂದರ ಹಿಂದೆ ಒಂದು ಎರಡು ಫ್ಯಾನು ಇಟ್ಟು, ನಡುವೆ ಬಿಸಿಗಾಳಿಯನ್ನು ತಣಿಸುವ ವ್ಯವಸ್ಥೆ ಮಾಡಿದರು. ಅದೇ 27 ಲೀಟರಿನ ಎಂಜಿನ್. ಶುರುವಿನಲ್ಲಿ 1,030 ಅಶ್ವಶಕ್ತಿ ಕೊಡುತ್ತಿದ್ದದ್ದು ಯುದ್ಧ ಮುಗಿಯುವ ಹೊತ್ತಿಗೆ ಸುಮಾರು ಇಮ್ಮಡಿಯಾಯಿತು. ಈ ಹೊಸ ಮರ್ಲಿನ್ ಅಮೆರಿಕದ ಮಸ್ಟಾಂಗ್ ಫೈಟರಿನ ಒಳಗೆ ಕೂತದ್ದು ಯುದ್ಧದ ಗತಿಯನ್ನೇ ತಿರುಗಿಸಿತು. ಬ್ರಿಟಿಷರಿಗಾಗಿಯೇ ಅಮೆರಿಕದಲ್ಲಿ ಮಾಡಿದ ಮಸ್ಟಾಂಗ್ ಮೊದಮೊದಲು ಅಲಿಸನ್ ಎಂಜಿನ್ ಹೊತ್ತು ಎತ್ತರದಲ್ಲಿ ಏದುಸಿರು ಬಿಡುತ್ತಿತ್ತು. 1942ರಲ್ಲಿ ರೋಲ್ಸ್ ರಾಯ್ಸ್‌ನ ಟೆಸ್ಟ್ ಪೈಲಟ್ ರೊನಾಲ್ಡ್ ಹಾರ್ಕರ್ ಅದನ್ನು ಹಾರಿಸಿ ನೋಡಿ, ಇದಕ್ಕೆ ಮರ್ಲಿನ್ ಹಾಕಿ ಎಂದರು. ಹಾಕಿದ ಮೇಲೆ ಹೆಚ್ಚುವರಿ ಟ್ಯಾಂಕು ತೂಗುಹಾಕಿಕೊಂಡು ಬಾಂಬರುಗಳ ಬೆಂಗಾವಲಿಗೆ ಬರ್ಲಿನ್‌ವರೆಗೂ ಹೋಗಿ ಬರಲು ಶುರುವಾಯಿತು. ಡಕ್ಸ್‌ಫರ್ಡ್‌ನಲ್ಲಿ ನೆಲೆಸಿದ್ದ ಅಮೆರಿಕದ 78ನೇ ಫೈಟರ್ ಗ್ರೂಪ್ ಕೂಡ ಥಂಡರ್‌ಬೋಲ್ಟ್ ಬಿಟ್ಟು ಕೊನೆಗೆ ಮಸ್ಟಾಂಗ್ ಏರಿತು.

ಹೂಕರ್ ಬಗ್ಗೆ ನನಗೇಕೆ ಇಷ್ಟು ಮಾತು ಅಂದರೆ, ಅವರು ಮುಂದೆ ಬ್ರಿಸ್ಟಲ್ ಕಂಪನಿ ಸೇರಿ ಮಾಡಿದ ಜೆಟ್ ಎಂಜಿನ್ ಆರ್ಫಿಯಸ್. ಬೆಂಗಳೂರಿನ ನಮ್ಮ ಎಂಜಿನ್ ವಿಭಾಗ 1957ರಲ್ಲಿ ಹುಟ್ಟಿದ್ದೇ ಆ ಆರ್ಫಿಯಸ್ ತಯಾರಿಸಲು. ನಮ್ಮ ವಾಯುಪಡೆಯ ನ್ಯಾಟ್, ಅಜೀತ್, ಎರಡನೆಯ ಮಾದರಿಯ ಕಿರಣ್ ಎಲ್ಲದರಲ್ಲೂ ಇದ್ದದ್ದು ಅದೇ. ನನ್ನ ಉಗುರಿನ ಸಂದಿಯ ಕೊಳೆಗೆ ಹೂಕರ್ ಕಾರಣ.

ಹುಲ್ಲಿನ ಮೇಲೆ ಕೂತು ಪುಳಿಯೋಗರೆ ತಿಂದೆವು. ಆಮೇಲೆ ನಾರ್ಮನ್ ಫಾಸ್ಟರ್ ವಿನ್ಯಾಸ ಮಾಡಿದ ಅಮೆರಿಕನ್ ಮ್ಯೂಸಿಯಂ. ಜಪಾನಿನ ಮೇಲೆ ಬೆಂಕಿ ಸುರಿದ ಬಿ-29ರ ಜಾತಿಯ ವಿಮಾನವೊಂದು ಇಲ್ಲಿದೆ, ಬಿ-17 ಬಾಂಬರ್ ಇದೆ. ಕಟ್ಟಡದ ಹೊರಗೆ 52 ಗಾಜಿನ ಫಲಕಗಳು ನಿಂತಿವೆ. ಅವುಗಳ ಮೇಲೆ ವಿಮಾನಗಳ ಪುಟ್ಟ ರೇಖಾಚಿತ್ರಗಳನ್ನು ಕೊರೆದಿದ್ದಾರೆ. ಬ್ರಿಟನ್ನಿನ ನೆಲೆಗಳಿಂದ ಹೊರಟು ಹಿಂದಿರುಗದ ಅಮೆರಿಕದ ವಿಮಾನಗಳು, ಒಂದಕ್ಕೆ ಒಂದು ಚಿತ್ರದಂತೆ 7,031. ಮಗ ಮೊದಲ ಫಲಕ ಎಣಿಸಲು ಶುರು ಮಾಡಿ ಕೈಬಿಟ್ಟ.

ಸೋಮವಾರ, ಈಸ್ಟ್ ಕರ್ಕ್‌ಬಿ

ಲಿಂಕನ್‌ಶೈರ್ ಚಪ್ಪಟೆ ನಾಡು. ಕೋಸು, ಆಲೂಗಡ್ಡೆ, ಗೋಧಿ, ಆಕಾಶವೇ ಹೆಚ್ಚು. ಬಾಂಬರುಗಳ ರನ್‌ವೇಗೆ ಇದಕ್ಕಿಂತ ಒಳ್ಳೆಯ ನೆಲ ಸಿಗಲಾರದು, ಅದಕ್ಕೇ ಯುದ್ಧದ ಕಾಲದಲ್ಲಿ ಈ ಜಿಲ್ಲೆಯ ತುಂಬ ವಾಯುನೆಲೆಗಳಿದ್ದವು. ಹೆಚ್ಚಿನವು ಮತ್ತೆ ಹೊಲವಾಗಿವೆ. ಈಸ್ಟ್ ಕರ್ಕ್‌ಬಿಯ ನೆಲೆ ಮಾತ್ರ ಇಬ್ಬರು ರೈತರ ಹಟದಿಂದ ಅರ್ಧ ಉಳಿದಿದೆ.

ಫ್ರೆಡ್ ಮತ್ತು ಹೆರಾಲ್ಡ್ ಪ್ಯಾಂಟನ್ ಅಣ್ಣತಮ್ಮಂದಿರು. ಅವರ ದೊಡ್ಡಣ್ಣ ಕ್ರಿಸ್ ಹ್ಯಾಲಿಫ್ಯಾಕ್ಸ್ ಬಾಂಬರಿನಲ್ಲಿ ಫ್ಲೈಟ್ ಎಂಜಿನಿಯರ್. 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್ ದಾಳಿಗೆ ಹೋದವನು ಬರಲಿಲ್ಲ. ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡಿನ ಇತಿಹಾಸದಲ್ಲೇ ಅತ್ಯಂತ ಕೆಟ್ಟ ರಾತ್ರಿ ಅದು. ಹೊರಟದ್ದು 795 ವಿಮಾನ, ಕಳೆದುಹೋದದ್ದು 95. ಬೆಳದಿಂಗಳಿತ್ತು, ಜರ್ಮನ್ ರಾತ್ರಿ ಬೇಟೆಯ ವಿಮಾನಗಳಿಗೆ ಸಾಲಾಗಿ ಸಿಕ್ಕಿಬಿದ್ದವು. ದಶಕಗಳ ಮೇಲೆ ತಮ್ಮಂದಿರು ದುಡಿದು ಕೂಡಿಟ್ಟ ಹಣದಲ್ಲಿ ಹಳೆಯ ವಾಯುನೆಲೆಯ ಜಾಗ ಕೊಂಡು, ಕೋಳಿ ಸಾಕಿ, 1983ರಲ್ಲಿ ಒಂದು ಲ್ಯಾಂಕಾಸ್ಟರನ್ನೇ ಕೊಂಡರು. ಅದೇ 'ಜಸ್ಟ್ ಜೇನ್'. 1945ರಲ್ಲಿ ತಯಾರಾಗಿ, ಫ್ರೆಂಚ್ ನೌಕಾಪಡೆಗೆ ಹೋಗಿ, ಪೆಸಿಫಿಕ್‌ನ ನ್ಯೂ ಕ್ಯಾಲಿಡೋನಿಯಾದವರೆಗೆ ಸುತ್ತಿ ಬಂದ ವಿಮಾನ. ಹಾರುವುದಿಲ್ಲ, ಆದರೆ ನಾಲ್ಕೂ ಎಂಜಿನ್ ಓಡುತ್ತವೆ. ಟಿಕೆಟ್ ಕೊಂಡವರನ್ನು ಒಳಗೆ ಕೂರಿಸಿಕೊಂಡು ನೆಲದ ಮೇಲೆ ಓಡಾಡುತ್ತದೆ.

ನಾವು ಬೇಲಿಯ ಆಚೆ ನಿಂತೆವು. ನನಗೆ ಎಂಜಿನ್ ಶುರುವಾಗುವುದನ್ನು ಹೊರಗಿನಿಂದಲೇ ನೋಡಬೇಕಿತ್ತು. ಪ್ರೊಪೆಲ್ಲರ್ ಒಂದೆರಡು ಸುತ್ತು ಒಲ್ಲದ ಮನಸ್ಸಿನಿಂದ ತಿರುಗುತ್ತದೆ. ಎಕ್ಸಾಸ್ಟ್ ಕೊಳವೆಯಲ್ಲಿ ಒಂದು ಕೆಮ್ಮು, ನೀಲಿ ಹೊಗೆ, ಇನ್ನೊಂದು ಕೆಮ್ಮು, ಆಮೇಲೆ ಒಮ್ಮೆಲೇ ಹನ್ನೆರಡೂ ಸಿಲಿಂಡರು ಹಿಡಿದುಕೊಳ್ಳುತ್ತವೆ. ಹೊಗೆ ತೆಳುವಾಗುತ್ತದೆ. ಆಗ ಎರಡನೆಯದು. ನಾಲ್ಕನೆಯದು ಬರುವ ಹೊತ್ತಿಗೆ ಹುಲ್ಲು ನೆಲಕ್ಕೆ ಮಲಗಿತ್ತು, ನಮ್ಮಾಕೆಯ ಸೆರಗು ಮಗನ ಮುಖಕ್ಕೆ ಸುತ್ತಿಕೊಂಡಿತ್ತು. ಮೂರನೆಯ ಎಂಜಿನ್ನು ಸ್ವಲ್ಪ ಒರಟಾಗಿ ಓಡುತ್ತಿತ್ತು ಅಂತ ನನ್ನ ಅನಿಸಿಕೆ. ಕಿಡಿ ಕೊಡುವ ಮೆಗ್ನೆಟೋ ನೋಡಬೇಕು. ಯಾರಿಗೂ ಹೇಳಲಿಲ್ಲ.

ಫ್ಲೈಟ್ ಎಂಜಿನಿಯರ್ ಕೆಲಸ ಅಂದರೆ ಏನೆಂದು ಮಗನಿಗೆ ಹೇಳಿದೆ. ಪೈಲಟ್‌ನ ಬಲಕ್ಕೆ ಮಡಚುವ ಸೀಟಿನಲ್ಲಿ ಕೂತು, ನಾಲ್ಕು ಎಂಜಿನ್ನಿನ ತಾಪ, ಒತ್ತಡ, ಸುತ್ತು ಎಲ್ಲ ನೋಡುತ್ತ, ಟ್ಯಾಂಕಿನಿಂದ ಟ್ಯಾಂಕಿಗೆ ಪೆಟ್ರೋಲು ಬದಲಿಸುತ್ತ, ಲೆಕ್ಕ ಬರೆಯುತ್ತ ಎಂಟು ಗಂಟೆ ಕಳೆಯುವುದು. ಎಂಜಿನ್ ಓಡಿಸಿ ಪರೀಕ್ಷಿಸುವ ಟೆಸ್ಟ್ ಬೆಡ್‌ನಲ್ಲಿ ನಾನು ಮಾಡಿದ ಕೆಲಸವೇ. ನನ್ನ ಮೇಲೆ ಯಾರೂ ಗುಂಡು ಹಾರಿಸುತ್ತಿರಲಿಲ್ಲ ಅಷ್ಟೆ, ಊಟಕ್ಕೆ ಸೈರನ್ ಆಗುತ್ತಿತ್ತು.

ಸಂಜೆ ಹತ್ತಿರದ ವುಡ್‌ಹಾಲ್ ಸ್ಪಾದಲ್ಲಿ ಒಡೆದ ಅಣೆಕಟ್ಟೆಯ ಆಕಾರದ ಸ್ಮಾರಕ ನೋಡಿದೆವು. 1943ರ ಮೇ 16ರ ರಾತ್ರಿ ಜರ್ಮನಿಯ ಅಣೆಕಟ್ಟೆಗಳನ್ನು ನೀರ ಮೇಲೆ ಪುಟಿಯುವ ಬಾಂಬುಗಳಿಂದ ಒಡೆದ 617ನೇ ಸ್ಕ್ವಾಡ್ರನ್ನಿನದು. ಹೋದದ್ದು 19 ವಿಮಾನ, ಬಾರದ್ದು 8, ಸತ್ತವರು 53. ನೀರಿನಲ್ಲಿ ಕೊಚ್ಚಿಹೋದವರು ಸಾವಿರಕ್ಕೂ ಹೆಚ್ಚು, ಅವರಲ್ಲಿ ಬಹಳ ಮಂದಿ ಜರ್ಮನರು ಸೆರೆತಂದು ದುಡಿಸುತ್ತಿದ್ದ ಸೋವಿಯತ್ ಹೆಂಗಸರು. ಕನ್ನಂಬಾಡಿ ಕಟ್ಟೆಯ ಕೆಳಗಿನ ನೀರು ಕುಡಿದವರಿಗೆ ಈ ಸಾಹಸದ ಕಥೆಯನ್ನು ಒಂದೇ ಕಡೆಯಿಂದ ಕೇಳುವುದು ಕಷ್ಟ.

ಮಂಗಳವಾರ, ಲಿಂಕನ್

ರಾತ್ರಿ ಲಿಂಕನ್‌ನಲ್ಲಿ ಉಳಿದಿದ್ದೆವು. ಬೆಳಿಗ್ಗೆ ಕ್ಯಾನ್‌ವಿಕ್ ಗುಡ್ಡಕ್ಕೆ. ಬಾಂಬರ್ ಕಮಾಂಡ್ ಸ್ಮಾರಕದ ಉಕ್ಕಿನ ಗೋಪುರದ ಎತ್ತರ 102 ಅಡಿ, ಲ್ಯಾಂಕಾಸ್ಟರಿನ ರೆಕ್ಕೆಯಷ್ಟೇ. ಸುತ್ತ ತುಕ್ಕು ಬಣ್ಣದ ಉಕ್ಕಿನ ಗೋಡೆಗಳು, ಅವುಗಳಲ್ಲಿ ತೂತು ಕೊರೆದು ಬರೆದ ಸುಮಾರು 58,000 ಹೆಸರು. ವಿಮಾನವೇರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು, ಉಳಿದ ಹೆಸರುಗಳು ನೆಲದ ಮೇಲಿನ ಕೆಲಸದವರದು ಮತ್ತಿತರರದು. ಪದವಿ ಬರೆದಿಲ್ಲ, ಹೆಸರು ಮಾತ್ರ. ಎದುರಿನ ಗುಡ್ಡದ ಮೇಲೆ ಲಿಂಕನ್ ಕೆಥೆಡ್ರಲ್. ಹಿಂದಿರುಗುವ ವಿಮಾನಗಳಿಗೆ ಮನೆ ಬಂತೆಂದು ತಿಳಿಸುತ್ತಿದ್ದ ಗುರುತು.

ಈ ಜಾಗದ ಬಗ್ಗೆ ನನಗೆ ಮೆಚ್ಚುಗೆಯಾದದ್ದು, ಒಳಗಿನ ಪ್ರದರ್ಶನದಲ್ಲಿ ಬಾಂಬು ಹಾಕಿದವರ ಜೊತೆ ಬಾಂಬು ಬಿದ್ದವರ ದನಿಯೂ ಇರುವುದು. ಊರುಗಳ ಮೇಲೆ ಬಾಂಬು ಹಾಕುವ ಬ್ರಿಟಿಷರ ಲೆಕ್ಕಾಚಾರ ಹೀಗೆ ಬೆಳೆಯಿತು. 1941ರ ಆಗಸ್ಟ್‌ನಲ್ಲಿ ಒಂದು ವರದಿ ಬಂತು. ಗುರಿ ಮುಟ್ಟಿದೆವು ಎಂದ ವಿಮಾನಗಳಲ್ಲಿ ಮೂರರಲ್ಲೊಂದು ಮಾತ್ರ ಗುರಿಯ ಐದು ಮೈಲಿಯ ಒಳಗೆ ಬಾಂಬು ಹಾಕಿತ್ತು. ರಾತ್ರಿಯಲ್ಲಿ ಕಾರ್ಖಾನೆಯೊಂದನ್ನು ಹುಡುಕಿ ಹೊಡೆಯುವುದು ಆಗದ ಮಾತು. ಹಾಗಾದರೆ ಹುಡುಕಲು ಸುಲಭವಾದದ್ದನ್ನು ಹೊಡೆಯೋಣ, ಅಂದರೆ ಊರನ್ನು. 1942ರ ಫೆಬ್ರವರಿ 14ರ ಆದೇಶದಲ್ಲಿ ಮುಚ್ಚುಮರೆಯಿಲ್ಲ: ಮುಖ್ಯ ಗುರಿ ಶತ್ರುದೇಶದ ನಾಗರಿಕರ, ಅದರಲ್ಲೂ ಕಾರ್ಖಾನೆ ಕೆಲಸಗಾರರ ಮನೋಸ್ಥೈರ್ಯ. ಮರುವರ್ಷ ಜುಲೈನಲ್ಲಿ ಹ್ಯಾಂಬರ್ಗ್‌ನಲ್ಲಿ ಬೆಂಕಿಯ ಬಿರುಗಾಳಿಯೆದ್ದು ಸುಮಾರು 37,000 ಜನ ಸತ್ತರು. ಡ್ರೆಸ್ಡನ್, 1945ರ ಫೆಬ್ರವರಿ, ಸುಮಾರು 25,000.

ಕಾರ್ಖಾನೆ ಕೆಲಸಗಾರರು. ಆ ಮಾತು ನನ್ನನ್ನು ಬಿಡಲಿಲ್ಲ. ಮೂರು ದಿನದಿಂದ ನಾನು ರಿವೆಟ್ಟು, ಹಾಳೆ, ಸೂಪರ್‌ಚಾರ್ಜರ್ ನೋಡುತ್ತ ಈ ಕಡೆಯ ಫಿಟ್ಟರುಗಳ ಪಕ್ಕ ನಿಂತಿದ್ದೆ. ಆ ಕಡೆ ಬಾಂಬಿನ ಕೆಳಗೆ ಮಲಗಿದ್ದವರೂ ಫಿಟ್ಟರುಗಳೇ, ಅವರ ಹೆಂಡತಿ ಮಕ್ಕಳು. ದೊಡ್ಡವರು ಸಾಮಾನ್ಯವಾಗಿ ಊರಾಚೆ ಬಂಗಲೆಗಳಲ್ಲಿರುತ್ತಾರೆ, ಕಾರ್ಖಾನೆ ಗೋಡೆಗೆ ಅಂಟಿದ ಸಾಲುಮನೆಗಳಲ್ಲಿ ಅಲ್ಲ. ಊಟದ ಹೊತ್ತಿನಲ್ಲಿ ಇದನ್ನು ಹೇಳಿದೆ. "ಯುದ್ಧ ಶುರು ಮಾಡಿದವರು ಅವರಲ್ವಾ ಅಪ್ಪಾ?" ಅಂದ ಮಗ. ಹೌದು, ಶುರು ಮಾಡಿದವರು ಅವರೇ. ವಾರ್ಸಾ, ರಾಟರ್‌ಡ್ಯಾಮ್, ಲಂಡನ್ ಮೊದಲು ಉರಿದವು. ಇಬ್ಬರೂ ಒಂದು ನಿರ್ಧಾರಕ್ಕೆ ಬರಲಿಲ್ಲ.

ಬುಧವಾರ

ಮಳೆ. ಮನೆಯಲ್ಲೇ ಇದ್ದೆವು. ಬಟ್ಟೆ ಒಗೆದದ್ದು ಒಣಗಲಿಲ್ಲ. ಸೊಸೆ ಮೆಣಸಿನಕಾಯಿ ಬಜ್ಜಿ ಮಾಡಿದಳು, ಹೊಗೆಯ ಅಲಾರಂ ಕೂಗಿಕೊಂಡು ಪಕ್ಕದ ಮನೆಯವರು ಬಂದು ನೋಡಿದರು. ಅವರೂ ನಾಲ್ಕು ತಿಂದರು.

ಗುರುವಾರ, ಕವೆಂಟ್ರಿ

ಇದು ನನ್ನ ಪಟ್ಟಿಯಲ್ಲಿರಲಿಲ್ಲ. ಮಂಗಳವಾರದ ಮಾತಿನ ಮೇಲೆ ಮಗನೇ ಸೇರಿಸಿದ್ದು. ಮಿಲ್ಟನ್ ಕೀನ್ಸ್‌ನಿಂದ ಗಂಟೆಯ ದಾರಿ. ಇಲ್ಲಿ ನೋಡಲು ವಿಮಾನವಿಲ್ಲ, ವಿಮಾನ ಮಾಡಿದ್ದಿದೆ.

ಕವೆಂಟ್ರಿ ಸೈಕಲ್ಲು, ಹೊಲಿಗೆ ಯಂತ್ರ, ಕಾರು ಮಾಡಿ ಬೆಳೆದ ಊರು. ಯುದ್ಧ ಬಂದಾಗ ಡೇಮ್ಲರ್, ಆಲ್ವಿಸ್, ಆರ್ಮ್‌ಸ್ಟ್ರಾಂಗ್ ಸಿಡ್ಲಿ ಕಾರ್ಖಾನೆಗಳು ವಿಮಾನಗಳಿಗೆ, ಸೈನ್ಯಕ್ಕೆ ದುಡಿದವು. ಕಾರ್ಖಾನೆಗಳು ಊರ ನಡುವೆ, ಮನೆಗಳ ನಡುವೆ. 1940ರ ನವೆಂಬರ್ 14ರ ಹುಣ್ಣಿಮೆ ರಾತ್ರಿ ಜರ್ಮನಿಯ ಸುಮಾರು 500 ಬಾಂಬರುಗಳು ಬಂದವು. ಮುಂದಿದ್ದ ಹೈಂಕೆಲ್ 111 ವಿಮಾನಗಳು ರೇಡಿಯೋ ಕಿರಣಗಳ ದಾರಿ ಹಿಡಿದು ಬಂದು ಬೆಂಕಿ ಹಚ್ಚಿ ಗುರುತು ಮಾಡಿದವು, ಹಿಂದಿನವು ಬೆಂಕಿ ನೋಡಿ ಸುರಿದವು. ರಾತ್ರಿಯಿಡೀ ನಡೆಯಿತು. ಸತ್ತವರು ಸುಮಾರು 568. ನೀರಿನ ಕೊಳವೆಗಳು ಒಡೆದಿದ್ದರಿಂದ ಬೆಂಕಿ ಆರಿಸಲಾಗಲಿಲ್ಲ. ಕಿರಣದಿಂದ ದಾರಿ ತೋರಿಸಿ, ಮೊದಲು ಗುರುತು ಹಾಕಿ, ಆಮೇಲೆ ಊರನ್ನೇ ಉರಿಸುವ ಈ ಪಾಠವನ್ನು ಬ್ರಿಟಿಷರು ಚೆನ್ನಾಗಿ ಕಲಿತು ದೊಡ್ಡ ಪ್ರಮಾಣದಲ್ಲಿ ತಿರುಗಿ ಒಪ್ಪಿಸಿದರು.

ಹಳೆಯ ಕೆಥೆಡ್ರಲ್ಲಿನ ಹೊರಗೋಡೆಗಳು ಮತ್ತು ಗೋಪುರ ಹಾಗೇ ನಿಂತಿವೆ, ಮೇಲೆ ಚಾವಣಿಯಿಲ್ಲ. ಮುರಿದ ಬಲಿಪೀಠದ ಹಿಂದಿನ ಗೋಡೆಯ ಮೇಲೆ ಆಗಿನ ಪಾದ್ರಿ ರಿಚರ್ಡ್ ಹೋವರ್ಡ್ ಕೆತ್ತಿಸಿದ ಎರಡೇ ಪದ: ತಂದೆಯೇ, ಕ್ಷಮಿಸು. ಯಾರನ್ನು ಕ್ಷಮಿಸಬೇಕೆಂದು ಬರೆಸಲಿಲ್ಲ. ಬೇಕೆಂದೇ ಬಿಟ್ಟರಂತೆ. ಪಕ್ಕದಲ್ಲೇ ಬೇಸಿಲ್ ಸ್ಪೆನ್ಸ್ ಕಟ್ಟಿದ ಹೊಸ ಕೆಥೆಡ್ರಲ್, 1962ರದು. ಮಗ ಇನ್ನೊಂದು ಸಂಗತಿ ಹೇಳಿದ. ಡ್ರೆಸ್ಡನ್‌ನ ಫ್ರೌಎನ್‌ಕಿರ್ಖೆ ಚರ್ಚನ್ನು ಮತ್ತೆ ಕಟ್ಟಿದಾಗ ಅದರ ತುದಿಯ ಚಿನ್ನದ ಬಣ್ಣದ ಶಿಲುಬೆಯನ್ನು ಮಾಡಿದ್ದು ಲಂಡನ್ನಿನ ಅಕ್ಕಸಾಲಿಗ ಅಲನ್ ಸ್ಮಿತ್. ಅವರ ತಂದೆ ಡ್ರೆಸ್ಡನ್ ಮೇಲೆ ಬಾಂಬು ಹಾಕಿದ ಪೈಲಟ್. ಕೈಕೆಲಸದವನು ಕೈಕೆಲಸದಿಂದಲೇ ಉತ್ತರ ಕೊಟ್ಟ. ನನಗೆ ಭಾಷಣಗಳಿಗಿಂತ ಇದು ಅರ್ಥವಾಗುತ್ತದೆ.

ಅಲ್ಲಿಂದ ಸಾರಿಗೆ ಮ್ಯೂಸಿಯಮ್ಮಿನ ಮುಂದಿನ ಚೌಕಕ್ಕೆ ಬಂದೆವು. ದೊಡ್ಡ ಉಕ್ಕಿನ ಜೋಡಿ ಕಮಾನು, ಅದರ ಕೆಳಗೆ ಆಕಾಶ ನೋಡುತ್ತ ನಿಂತ ಫ್ರಾಂಕ್ ವಿಟಲ್ ಪ್ರತಿಮೆ. ಜೆಟ್ ಎಂಜಿನ್ನಿನ ವಿಟಲ್ ಹುಟ್ಟಿದ್ದು ಈ ಊರಲ್ಲೇ, 1907ರಲ್ಲಿ. 1937ರಲ್ಲೇ ಆತನ ಎಂಜಿನ್ ಟೆಸ್ಟ್ ಬೆಡ್ ಮೇಲೆ ಓಡಿತ್ತು, 1941ರ ಮೇನಲ್ಲಿ ಗ್ಲಾಸ್ಟರ್ ವಿಮಾನವೊಂದನ್ನು ಹಾರಿಸಿತು. ಮೀಟಿಯರ್ ಜೆಟ್‌ಗಳು ಸೇವೆಗೆ ಬಂದದ್ದು 1944ರ ಜುಲೈನಲ್ಲಿ. ಸರ್ಕಾರ ಆತನ ಮಾತು ಮೊದಲೇ ಕೇಳಿದ್ದರೆ ನಾನು ಈ ವಾರ ಬೆನ್ನು ಹತ್ತಿದ ಮರ್ಲಿನ್ನುಗಳಿಗೆ ಇಷ್ಟು ಕೆಲಸವಿರುತ್ತಿರಲಿಲ್ಲವೇನೋ.

ಪ್ರತಿಮೆಯ ಪಕ್ಕ ನನ್ನನ್ನು ನಿಲ್ಲಿಸಿ ಮಗ ಫೋಟೋ ತೆಗೆದ. "ಈಗ ಹೇಳು ಅಪ್ಪಾ, ಇಷ್ಟೆಲ್ಲ ನೋಡಿದೆಯಲ್ಲ, ಒಂದು ವಿಮಾನ ಕೊಟ್ಟರೆ ಯಾವುದು ತಗೋತೀಯ? ಸ್ಪಿಟ್‌ಫೈರ್ ತಾನೇ?"

"ಹರಿಕೇನ್" ಅಂದೆ. "ಎಲ್ಲ ಕಡೆ ಕೈ ಹೋಗುತ್ತೆ."

"ಇಡೋದೆಲ್ಲಿ?" ಎಂದು ಕೇಳಿದಳು ನಮ್ಮಾಕೆ. "ನಿಮ್ಮ ಸ್ಕೂಟರಿಗೇ ಜಾಗ ಇಲ್ಲ."